ಮರೆವಿನ ತಳದಲ್ಲಿ ಉಳಿಯುವ ಮನಸ್ಸು

‘ಅರವತ್ತಕ್ಕೆ ಅರಳು ಮರಳು’ ಎಂದು ನಾವು ಎಷ್ಟು ಸಲೀಸಾಗಿ ಹೇಳಿಬಿಡುತ್ತೇವೆಂದರೆ, ಆ ಮಾತಿನ ಮರೆಯಲ್ಲಿ ಒಂದು ಕಾಯಿಲೆ ಕೂತಿರಬಹುದೆಂಬ ಅನುಮಾನವೇ ನಮಗೆ ಬರುವುದಿಲ್ಲ. ಮುಂಬಯಿಯ ಕನ್ನಡ, ತುಳು ಮನೆಗಳಲ್ಲಿ ಈ ಕಾಯಿಲೆ ಎಷ್ಟೋ ಸಲ ಸಂಜೆಯ ಹೊತ್ತಿಗೆ ಒಂದೇ ಮಾತಾಗಿ ಹೊರಬೀಳುತ್ತದೆ: ‘ಹೊತ್ತಾಯಿತು, ನಾನಿನ್ನು ಊರಿಗೆ ಹೋಗಬೇಕು.’ ಮೂವತ್ತು ನಲವತ್ತು ವರ್ಷ ಬಾಳಿದ ಮಲಾಡಿನ ಅಥವಾ ಡೊಂಬಿವಲಿಯ ಮನೆ ಹಿರಿಯರಿಗೆ ಒಮ್ಮೆಗೇ ಪರರ ಮನೆಯಾಗುತ್ತದೆ. ಚಪ್ಪಲಿ ಮೆಟ್ಟಿ ಬಾಗಿಲ ಬಳಿ ನಿಲ್ಲುತ್ತಾರೆ. ಮನೆಯವರು ಕಾರಣ ಹುಡುಕತೊಡಗುತ್ತಾರೆ. ವಯಸ್ಸಾಯಿತು ಎನ್ನುವವರು ಕೆಲವರು. ಇನ್ನು ಕೆಲವರದು ಬೇರೆ ಉತ್ತರ: ಬದುಕಿಡೀ ಪಟ್ಟ ಪಾಡು, ಯಾರ ಮುಂದೆಯೂ ಆಡದೆ ನುಂಗಿಕೊಂಡ ದುಃಖ ಸುಪ್ತಮನಸ್ಸಿನಲ್ಲಿ ಕೂತು ಕೊನೆಗೆ ತಲೆಗೇರಿತು. ಈ ಎರಡನೆಯ ಉತ್ತರ ಈಗ ಹೆಚ್ಚು ಹೆಚ್ಚು ಕೇಳಿಬರುತ್ತಿದೆ. ಅದರಲ್ಲಿ ನಿಜವೂ ಇದೆ, ಅಪಾಯವೂ ಇದೆ. ಎರಡನ್ನೂ ಬಿಡಿಸಿ ನೋಡಿದರೆ ನಾವು ಮುಟ್ಟುವ ತೀರ್ಮಾನ ಇದು: ಸುಪ್ತಮನಸ್ಸು ಈ ಕಾಯಿಲೆಯನ್ನು ತರುವ ಆರೋಪಿ ಅಲ್ಲ, ಉಳಿದದ್ದೆಲ್ಲ ಖಾಲಿಯಾದ ಮೇಲೂ ಆ ಮನೆಯಲ್ಲಿ ಉಳಿಯುವ ಕೊನೆಯ ನಿವಾಸಿ. ಆರೋಪ ಹೊರಬೇಕಾದದ್ದು ಬೇರೆಯೇ ಇದೆ. ಅದು ವರ್ಷಗಟ್ಟಲೆ ಬಿಡುವಿಲ್ಲದೆ ದೇಹವನ್ನು ಸವೆಸುವ ಒತ್ತಡ.

ಮೊದಲು ಕಾಯಿಲೆಯನ್ನು ಸರಿಯಾಗಿ ಗುರುತಿಸಿಕೊಳ್ಳೋಣ. ಡಿಮೆನ್ಶಿಯಾ ಒಂದೇ ರೋಗದ ಹೆಸರಲ್ಲ. ನೆನಪು, ಮಾತು, ಲೆಕ್ಕಾಚಾರ, ದಾರಿಯ ಗುರುತು, ಒಳಿತು ಕೆಡುಕಿನ ಅಂದಾಜು ಇವೆಲ್ಲ ದಿನದ ಬದುಕು ನಡೆಸಲಾರದಷ್ಟು ಕುಂದಿದ ಸ್ಥಿತಿಗೆ ಆ ಹೆಸರು. ಅದನ್ನು ತರುವ ರೋಗಗಳು ಹಲವು. ಮೆದುಳಿನ ರಕ್ತನಾಳಗಳು ಕೆಟ್ಟು ಬರುವುದುಂಟು. ನೂರರಲ್ಲಿ ಅರವತ್ತರಿಂದ ಎಪ್ಪತ್ತು ಪಾಲು ಅಲ್ಜೈಮರ್ ರೋಗದಿಂದ ಬರುತ್ತದೆ. 1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಅಲ್ಜೈಮರ್ ತನ್ನ ರೋಗಿಯೊಬ್ಬಳು ತೀರಿಕೊಂಡ ಮೇಲೆ ಅವಳ ಮೆದುಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ, ನರಕೋಶಗಳ ನಡುವೆ ಗಟ್ಟಿಗೊಂಡ ಕಲೆಗಳನ್ನೂ ಕೋಶಗಳ ಒಳಗೆ ಸಿಕ್ಕುಗಟ್ಟಿದ ಎಳೆಗಳನ್ನೂ ಕಂಡ. ಕಲೆಗಳು ಅಮಿಲಾಯ್ಡ್ ಎಂಬ ಪ್ರೋಟೀನಿನವು, ಸಿಕ್ಕುಗಳು ಟೌ ಎಂಬ ಪ್ರೋಟೀನಿನವು ಎಂದು ಮುಂದೆ ತಿಳಿಯಿತು. ಹೊರಗೆ ಮರೆವು ಕಾಣಿಸುವುದಕ್ಕೆ ಹತ್ತಿಪ್ಪತ್ತು ವರ್ಷ ಮುಂಚೆಯೇ ಒಳಗೆ ಇವು ಕೂಡತೊಡಗಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಲ್ಲಿ 5.7 ಕೋಟಿ ಜನ ಡಿಮೆನ್ಶಿಯಾದೊಂದಿಗೆ ಬದುಕುತ್ತಿದ್ದರು. ಭಾರತದಲ್ಲಿ ಅರವತ್ತು ದಾಟಿದವರ ಪೈಕಿ ಶೇ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಇದು ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜಿಸಿತು. 2036ರ ಹೊತ್ತಿಗೆ ಈ ಸಂಖ್ಯೆ 1.69 ಕೋಟಿಗೆ ಏರಬಹುದು ಎಂದೂ ಹೇಳಿತು. ಅದೇ ಲೆಕ್ಕವನ್ನು ತಿರುವಿ ಓದಿದರೆ, ಅರವತ್ತು ದಾಟಿದ ನೂರು ಜನರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಇದು ಇಲ್ಲ. ಹಾಗಿರುವಾಗ ಇದನ್ನು ವಯಸ್ಸಿನ ಸಹಜ ಧರ್ಮ ಎಂದು ಕೈಬಿಡುವುದು ತಪ್ಪು.

ಇನ್ನು ಸುಪ್ತಮನಸ್ಸಿನ ವಿಚಾರ. ನಮಗೆ ಅರಿವಿಲ್ಲದಂತೆ ನಮ್ಮೊಳಗೆ ಕೆಲಸ ಮಾಡುವ ಮನಸ್ಸಿನ ಒಂದು ಪದರವಿದೆ ಎಂಬುದು ನಮಗೆ ಹೊಸದಲ್ಲ. ವಾಸನೆ, ಸಂಸ್ಕಾರ ಎಂಬ ಮಾತುಗಳಲ್ಲಿ ನಮ್ಮ ಹಿರಿಯರು ಅದನ್ನು ಗುರುತಿಸಿದ್ದರು. ಆಧುನಿಕ ಮನಶ್ಶಾಸ್ತ್ರದಲ್ಲಿ ಫ್ರೆಂಚ್ ವಿದ್ವಾಂಸ ಪಿಯರ್ ಜಾನೆ 1889ರಲ್ಲಿ ಅದಕ್ಕೆ ಹೆಸರಿಟ್ಟ, ಫ್ರಾಯ್ಡ್ ಅದರ ಮೇಲೆ ದೊಡ್ಡ ಸಿದ್ಧಾಂತವನ್ನೇ ಕಟ್ಟಿದ. ತಾಳಲಾರದ ನೋವನ್ನು ಮನಸ್ಸು ನೆನಪಿನಿಂದ ದೂಡಿಬಿಡುತ್ತದೆ ಎಂಬ ಅವರ ವಿಚಾರವೇ ಇಂದು ಡಿಮೆನ್ಶಿಯಾದ ವಿವರಣೆಯಾಗಿ ಬಳಕೆಗೆ ಬಂದಿದೆ. ಆಘಾತದಿಂದ ನೆನಪು ಕಳೆದುಕೊಳ್ಳುವವರು ಇದ್ದಾರೆ, ಅದು ಸುಳ್ಳಲ್ಲ. ಆದರೆ ಆ ಮರೆವಿನ ನಡೆಯೇ ಬೇರೆ. ಅದು ಏಕಾಏಕಿ ಬರುತ್ತದೆ, ತನ್ನ ಹೆಸರು, ತನ್ನ ಹಿಂದಿನ ಕಥೆ, ನೋವು ತಂದ ಘಟನೆ ಇಂಥವನ್ನೇ ಅಳಿಸುತ್ತದೆ, ಅಳಿದ ನೆನಪು ಬಹಳ ಸಲ ಮರಳಿಯೂ ಬರುತ್ತದೆ. ಡಿಮೆನ್ಶಿಯಾ ಇದಕ್ಕೆ ತದ್ವಿರುದ್ಧ. ಬೆಳಿಗ್ಗೆ ತಿಂದ ತಿಂಡಿ ಮರೆಯುತ್ತದೆ, ಐವತ್ತು ವರ್ಷದ ಹಿಂದಿನ ಸಾವು ನೆನಪಿರುತ್ತದೆ. ದುಃಖವನ್ನು ಮರೆಯಲೆಂದೇ ಮನಸ್ಸು ಈ ರೋಗವನ್ನು ತಂದುಕೊಂಡಿದ್ದರೆ, ಆ ದುಃಖವೇ ಕೊನೆಯತನಕ ಉಳಿಯುವುದು ಹೇಗೆ? ಅಮಿಲಾಯ್ಡ್ ಕಲೆಗಳನ್ನು ಹತ್ತಿಕ್ಕಿದ ಬಯಕೆಗಳು ನಿರ್ಮಿಸುತ್ತವೆ ಎನ್ನಲು ಯಾವ ಆಧಾರವೂ ಇಲ್ಲ. ಸುಪ್ತಮನಸ್ಸನ್ನು ಶುದ್ಧಿ ಮಾಡಿ ಮರೆವನ್ನು ಗುಣಪಡಿಸುತ್ತೇವೆ ಎಂದು ದುಡ್ಡು ಕೇಳುವವರಿಗೆ ಓದುಗರು ಧೈರ್ಯವಾಗಿ ಬಾಗಿಲು ಹಾಕಬೇಕು.

ಹಾಗಾದರೆ ಒತ್ತಡಕ್ಕೂ ಮೆದುಳಿಗೂ ಸಂಬಂಧವಿಲ್ಲವೇ? ಇದೆ, ಅದು ರಕ್ತಮಾಂಸದ ಸಂಬಂಧ. ಅಪಾಯ ಎದುರಾದಾಗ ಮೆದುಳಿನ ತಳದಿಂದ ಹೊರಟ ಸಂದೇಶ ಪಿಟ್ಯೂಟರಿ ಗ್ರಂಥಿಗೆ, ಅಲ್ಲಿಂದ ಮೂತ್ರಪಿಂಡದ ಮೇಲೆ ಕೂತ ಅಡ್ರಿನಲ್ ಗ್ರಂಥಿಗೆ ಹೋಗಿ, ಕಾರ್ಟಿಸಾಲ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಇದಾವುದೂ ನಮ್ಮ ಅಪ್ಪಣೆ ಕೇಳಿ ನಡೆಯುವುದಿಲ್ಲ. ಅರಿವಿನ ಕೆಳಗೇ ನಡೆದುಹೋಗುತ್ತದೆ. ಕಾರ್ಟಿಸಾಲ್ ಸಕ್ಕರೆಯನ್ನೂ ಶಕ್ತಿಯನ್ನೂ ಒದಗಿಸಿ ಆ ಹೊತ್ತನ್ನು ದಾಟಿಸುತ್ತದೆ, ಅಪಾಯ ಕಳೆದ ಮೇಲೆ ಇಳಿಯುತ್ತದೆ. ಇಳಿಯದಿದ್ದಾಗಲೇ ತೊಂದರೆ. 1968ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಬ್ರೂಸ್ ಮೆಕ್‌ಈವನ್ ಮತ್ತು ಜೊತೆಗಾರರು ಇಲಿಗಳ ಮೇಲೆ ಪ್ರಯೋಗ ನಡೆಸಿ, ಈ ಬಗೆಯ ಒತ್ತಡದ ಹಾರ್ಮೋನು ಮೆದುಳಿನ ಹಿಪೊಕ್ಯಾಂಪಸ್ ಎಂಬ ಭಾಗಕ್ಕೆ ವಿಶೇಷವಾಗಿ ಅಂಟಿಕೊಳ್ಳುತ್ತದೆ ಎಂದು ತೋರಿಸಿದರು. ಹೊಸ ನೆನಪುಗಳನ್ನು ದಾಖಲಿಸುವ ಕಚೇರಿ ಎಂದರೆ ಅದೇ ಹಿಪೊಕ್ಯಾಂಪಸ್. ಅಲ್ಜೈಮರ್ ರೋಗ ಮೊದಮೊದಲು ಹಾಳುಗೆಡಹುವ ಜಾಗಗಳಲ್ಲೂ ಅದು ಒಂದು. ಬಿಡುವಿಲ್ಲದ ಒತ್ತಡದಲ್ಲಿಟ್ಟ ಪ್ರಾಣಿಗಳಲ್ಲಿ ಅಲ್ಲಿನ ನರಕೋಶಗಳ ಕವಲುಗಳು ಮುದುಡಿಕೊಳ್ಳುತ್ತವೆ. ಇದು ನೇರ ದಾರಿಯಾಯಿತು. ಬಳಸುದಾರಿಗಳು ಇನ್ನೂ ಅಗಲ: ಒತ್ತಡ ಬಿಪಿಯನ್ನು ಏರಿಸುತ್ತದೆ, ಶುಗರನ್ನು ಕೆಡಿಸುತ್ತದೆ, ನಿದ್ದೆಯನ್ನು ಕದಿಯುತ್ತದೆ, ಸಿಗರೇಟು ಮತ್ತು ಕುಡಿತದ ಕಡೆ ತಳ್ಳುತ್ತದೆ, ಕೊನೆಗೆ ಮನುಷ್ಯನನ್ನು ಜನರಿಂದ ದೂರ ಮಾಡುತ್ತದೆ. ಇವು ಒಂದೊಂದೂ ಮೆದುಳನ್ನು ಸವೆಸುವಂಥವೇ.

ಮನುಷ್ಯರಲ್ಲಿ ಸಿಕ್ಕ ಪುರಾವೆಗಳಲ್ಲಿ ಬಹಳ ಮುಖ್ಯವಾದದ್ದು ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ್ದು. 1968ರಲ್ಲಿ 38ರಿಂದ 60 ವಯಸ್ಸಿನ 1,462 ಮಹಿಳೆಯರನ್ನು ಆರಿಸಿ, ಒತ್ತಡದ ಬಗ್ಗೆ ಒಂದೇ ಪ್ರಶ್ನೆಯನ್ನು 1968, 1974 ಮತ್ತು 1980ರಲ್ಲಿ ಮೂರು ಸಲ ಕೇಳಲಾಯಿತು. ಕಳವಳ, ಅಂಜಿಕೆ, ನಿದ್ದೆಗೆಡುವಷ್ಟು ಉದ್ವೇಗ ನಿಮಗೆ ಇದೆಯೇ, ಎಷ್ಟು ಕಾಲದಿಂದ ಎಂಬುದು ಪ್ರಶ್ನೆ. 35 ವರ್ಷಗಳಲ್ಲಿ ಇವರಲ್ಲಿ 161 ಮಂದಿಗೆ ಡಿಮೆನ್ಶಿಯಾ ಬಂತು. ಒಂದು ಸಲ ಮಾತ್ರ ಒತ್ತಡವಿದೆ ಎಂದವರಿಗೂ ಇಲ್ಲವೇ ಇಲ್ಲ ಎಂದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಎರಡು ಸಲ ಹೌದೆಂದವರಿಗೆ ಅಪಾಯ ಸುಮಾರು 1.7 ಪಟ್ಟು, ಮೂರು ಸಲವೂ ಹೌದೆಂದವರಿಗೆ 2.5 ಪಟ್ಟು. 2010ರಲ್ಲಿ ಪ್ರಕಟವಾದ ಈ ಅಂಕಿಗಳು ಹೇಳುವುದು ಸ್ಪಷ್ಟವಾಗಿದೆ: ಕಷ್ಟ ಬಂತೇ ಎಂಬುದಕ್ಕಿಂತ, ಬಂದ ಕಷ್ಟ ಎಂದಾದರೂ ಇಳಿಯಿತೇ ಎಂಬುದು ಮುಖ್ಯ. ಅದೇ ವರ್ಷ ಅಮೆರಿಕದ 1,81,093 ಮಾಜಿ ಸೈನಿಕರ ದಾಖಲೆಗಳನ್ನು ನೋಡಿದ ಇನ್ನೊಂದು ಅಧ್ಯಯನದಲ್ಲಿ, ಯುದ್ಧದಂಥ ಆಘಾತದ ನಂತರ ಮನಸ್ಸು ಸುಧಾರಿಸಿಕೊಳ್ಳದೆ ಉಳಿದವರಲ್ಲಿ ಏಳು ವರ್ಷಗಳೊಳಗೆ ಶೇ 10.6ರಷ್ಟು ಮಂದಿಗೆ, ಉಳಿದವರಲ್ಲಿ ಶೇ 6.6ರಷ್ಟು ಮಂದಿಗೆ ಡಿಮೆನ್ಶಿಯಾ ಬಂದಿತ್ತು.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. ಒತ್ತಡ, ಖಿನ್ನತೆಗಳು ಕಾರಣವೋ, ಆಗಲೇ ಒಳಗೆ ಶುರುವಾದ ರೋಗದ ಮುನ್ಸೂಚನೆಯೋ? ಬ್ರಿಟನ್ನಿನಲ್ಲಿ 10,189 ಜನರನ್ನು 28 ವರ್ಷ ಹಿಂಬಾಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನ ಈ ಸಂಶಯಕ್ಕೆ ಬಲ ಕೊಟ್ಟಿತು. ನಡುವಯಸ್ಸಿನಲ್ಲಿ ಖಿನ್ನತೆ ಇದ್ದವರಿಗೆ ಅಪಾಯ ಹೆಚ್ಚಿರಲಿಲ್ಲ. ಡಿಮೆನ್ಶಿಯಾ ಪತ್ತೆಯಾಗುವುದಕ್ಕೆ ಸುಮಾರು ಹನ್ನೊಂದು ವರ್ಷ ಮುಂಚಿನಿಂದ ಖಿನ್ನತೆಯ ಲಕ್ಷಣಗಳು ಏರುತ್ತ ಬಂದಿದ್ದವು. ಈ ಆಕ್ಷೇಪವನ್ನು ಪಕ್ಕಕ್ಕೆ ಸರಿಸಲಾಗದು. ಇಳಿವಯಸ್ಸಿನಲ್ಲಿ ಮೊದಲ ಬಾರಿಗೆ ಖಿನ್ನತೆ ಬಂದರೆ ಅದು ಮರೆವಿನ ಮುಂಚಿನ ಗಂಟೆಯಾಗಿರಬಹುದು ಎಂಬುದನ್ನು ಒಪ್ಪಬೇಕು. ಆದರೆ ಗೋಥೆನ್‌ಬರ್ಗಿನ ಮಹಿಳೆಯರನ್ನು ಪ್ರಶ್ನಿಸಿದ್ದು ಬಹುಪಾಲು ರೋಗಕ್ಕೆ ದಶಕಗಳ ಮುಂಚೆ. ಅಲ್ಲಿ ಒತ್ತಡವನ್ನು ಬರೀ ಮುನ್ಸೂಚನೆ ಎನ್ನುವುದು ಕಷ್ಟ. ಲ್ಯಾನ್ಸೆಟ್ ವೈದ್ಯಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ತಡೆಯಬಹುದಾದ ಹದಿನಾಲ್ಕು ಅಪಾಯಗಳನ್ನು ಪಟ್ಟಿ ಮಾಡಿ, ಅವನ್ನೆಲ್ಲ ನೀಗಿಸಿದರೆ ಜಗತ್ತಿನ ಡಿಮೆನ್ಶಿಯಾದಲ್ಲಿ ಶೇ 45ರಷ್ಟನ್ನು ತಡೆಯುವುದೋ ಮುಂದೂಡುವುದೋ ಸಾಧ್ಯ ಎಂದಿತು. ಒತ್ತಡ ಎಂಬ ಹೆಸರು ಆ ಪಟ್ಟಿಯಲ್ಲಿ ಇಲ್ಲ. ಖಿನ್ನತೆ, ಒಂಟಿತನ, ಬಿಪಿ, ಶುಗರ್, ಬೊಜ್ಜು, ಧೂಮಪಾನ, ಅತಿಯಾದ ಕುಡಿತ, ಮೈಗೆ ಚಲನೆಯಿಲ್ಲದ ಬದುಕು ಇವೆ. ಒತ್ತಡ ಒಳನುಗ್ಗುವ ಬಾಗಿಲುಗಳು ಇವೇ. ಬಾಗಿಲುಗಳನ್ನು ಎಣಿಸಿ, ಅವುಗಳ ಮೂಲಕ ಬರುವುದನ್ನು ಮರೆಯುವುದು ವಿವೇಕವಲ್ಲ.

ಇನ್ನೊಂದು ಆಕ್ಷೇಪವೂ ಇದೆ. ಕಷ್ಟಪಟ್ಟವರಿಗೆಲ್ಲ ಮರೆವು ಬರುವುದಿಲ್ಲವಲ್ಲ? ಮಂಗಳೂರಿನಿಂದ 1949ರಲ್ಲಿ ಮುಂಬಯಿಗೆ ಬಂದು ಕಾರ್ಮಿಕರ ನಾಯಕರಾದ ಜಾರ್ಜ್ ಫರ್ನಾಂಡಿಸ್ ಅವರನ್ನೇ ನೆನೆಯಬಹುದು. 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಎಸ್.ಕೆ. ಪಾಟೀಲರನ್ನು ಸೋಲಿಸಿ, 1974ರಲ್ಲಿ ರೈಲ್ವೆ ಮುಷ್ಕರ ನಡೆಸಿ, ತುರ್ತುಪರಿಸ್ಥಿತಿಯಲ್ಲಿ ಸೆರೆಯಾಗಿ, ಮುಂದೆ ದೇಶದ ರಕ್ಷಣಾ ಸಚಿವರಾಗಿ ಬಾಳಿದ ಅವರು ಕೊನೆಯ ವರ್ಷಗಳನ್ನು ಅಲ್ಜೈಮರ್ ರೋಗದಲ್ಲಿ ಕಳೆದು 2019ರ ಜನವರಿ 29ರಂದು ತೀರಿಕೊಂಡರು. ಆ ಸೆರೆವಾಸವೇ ಈ ಮರೆವಿಗೆ ಕಾರಣ ಎಂದು ಯಾರಾದರೂ ಹೇಳಿದರೆ ಒಪ್ಪಲಾಗದು. ಅದೇ ಕಾಲದಲ್ಲಿ ಸೆರೆಯಲ್ಲಿದ್ದು ತೊಂಬತ್ತರತನಕ ಚುರುಕಾಗಿ ಬಾಳಿದವರು ಇದ್ದಾರೆ. ವಯಸ್ಸು, ವಂಶವಾಹಿ, ರಕ್ತನಾಳಗಳ ಆರೋಗ್ಯ, ಓದು, ಒತ್ತಡ ಇವೆಲ್ಲ ಸೇರಿ ಅಪಾಯದ ತಕ್ಕಡಿ ವಾಲುತ್ತದೆ. ಸಾವಿರ ಜನರ ಲೆಕ್ಕದಲ್ಲಿ ನಿಜವಾದದ್ದನ್ನು ಒಬ್ಬ ಮನುಷ್ಯನ ಹಣೆಗೆ ಅಂಟಿಸಬಾರದು. ಇದು ಬರೀ ತರ್ಕದ ಮಾತಲ್ಲ. ‘ಸೊಸೆಯ ಕಾಟದಿಂದ ಅತ್ತೆಗೆ ಹೀಗಾಯಿತು’, ‘ಮಗ ವಿದೇಶಕ್ಕೆ ಹೋದ ದುಃಖಕ್ಕೆ ತಂದೆ ಮರುಳಾದರು’ ಎಂಬ ಮಾತುಗಳು ಎಷ್ಟು ಮನೆಗಳನ್ನು ಒಡೆಯುತ್ತವೆ! ಹಾಗೆ ತೀರ್ಪು ಕೊಡುವ ಹಕ್ಕನ್ನು ವಿಜ್ಞಾನ ನೆಂಟರಿಷ್ಟರಿಗೆ ಕೊಟ್ಟಿಲ್ಲ.

ಈ ಹಿನ್ನೆಲೆಯಲ್ಲಿ ಮುಂಬಯಿಯನ್ನು ನೋಡಬೇಕು. ಹದಿಹರೆಯದಲ್ಲಿ ಊರು ಬಿಟ್ಟು ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಚಾಳಿನ ಒಂದು ಕೋಣೆಯಲ್ಲಿ ಹತ್ತು ಜನರೊಡನೆ ಮಲಗಿ, ಊರಿನ ತಂಗಿಯರ ಮದುವೆಗೆ ಮನಿಯಾರ್ಡರು ಕಳಿಸಿದ ತಲೆಮಾರು ಈಗ ಎಪ್ಪತ್ತು ದಾಟಿದೆ. 1982ರ ಜನವರಿ 18ರಂದು ಶುರುವಾದ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರ ಬದುಕು ಅಲುಗಾಡಿತು. ಅವರಲ್ಲಿ ಅನೇಕರಿಗೆ ಆ ಕೆಲಸ ಮರಳಿ ಸಿಗಲೇ ಇಲ್ಲ. ದಿನಕ್ಕೆ ಮೂರು ಗಂಟೆ ಲೋಕಲ್ ರೈಲಿನಲ್ಲಿ ನಿಂತೇ ಕಳೆದವರು, ಐದು ಗಂಟೆಗಿಂತ ಹೆಚ್ಚು ನಿದ್ದೆ ಕಾಣದವರು ಈ ನಗರದಲ್ಲಿ ಬೇಕಾದಷ್ಟಿದ್ದಾರೆ. ಐವತ್ತು ಅರವತ್ತರ ವಯಸ್ಸಿನಲ್ಲಿ ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ನಿದ್ದೆ ಮಾಡುತ್ತಿದ್ದವರಲ್ಲಿ ಡಿಮೆನ್ಶಿಯಾದ ಅಪಾಯ ಸುಮಾರು ಶೇ 30ರಷ್ಟು ಹೆಚ್ಚು ಎಂದು ಬ್ರಿಟನ್ನಿನಿಂದಲೇ 2021ರಲ್ಲಿ ಇನ್ನೊಂದು ವರದಿ ಬಂತು. ಕಷ್ಟದ ಆ ಕಾಲದಲ್ಲಿ ಚಾಳಿನ ಪಡಸಾಲೆ ಇತ್ತು. ದುಃಖ ಹೇಳಿಕೊಳ್ಳಲು ಪಕ್ಕದ ಬಾಗಿಲು ತೆರೆದಿರುತ್ತಿತ್ತು. ಚಾಳು ಕೆಡವಿ ಕಟ್ಟಿದ ಗೋಪುರದ ಹದಿನೆಂಟನೆಯ ಮಹಡಿಯಲ್ಲಿ ಅದೇ ಹಿರಿಯರು ಹಗಲಿಡೀ ಟಿವಿಯೊಡನೆ ಒಬ್ಬರೇ ಇರುತ್ತಾರೆ. ಕಷ್ಟ ಕಡಿಮೆಯಾಗಿದೆ, ಅದನ್ನು ಇಳಿಸುವ ಜಾಗ ಇಲ್ಲವಾಗಿದೆ. ನಮ್ಮ ಕಡೆಗೆ ಒಂದು ಬಲವೂ ಇದೆ. ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಜೊತೆಗಾರರು ಹೈದರಾಬಾದಿನ 648 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ತಿಳಿಸಿದಂತೆ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಿಗೆ ಡಿಮೆನ್ಶಿಯಾ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಬರುತ್ತದೆ, ಅಕ್ಷರ ಬಾರದವರಲ್ಲೂ. ಮನೆಯಲ್ಲಿ ತುಳು, ಸಂಘದಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ ಆಡುವ ಮುಂಬಯಿ ಕನ್ನಡಿಗರಿಗೆ ಇದು ಸಮಾಧಾನದ ಸುದ್ದಿ. ಆದರೆ ಆ ಭಾಷೆಗಳನ್ನು ಆಡಲು ಎದುರಿಗೊಬ್ಬರು ಇರಬೇಕು.

ರೋಗ ಬಂದ ಮೇಲೆ ಸುಪ್ತಮನಸ್ಸಿನ ನಿಜವಾದ ಪಾತ್ರ ಶುರುವಾಗುತ್ತದೆ. 1911ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯ ಎದ್ವಾರ್ ಕ್ಲಾಪರೇದ್ ಒಂದು ವಿಚಿತ್ರ ಸಂಗತಿಯನ್ನು ದಾಖಲಿಸಿದ. ಅವನ ರೋಗಿಯೊಬ್ಬಳಿಗೆ ಹೊಸದೇನೂ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ದಿನವೂ ಕಾಣುವ ವೈದ್ಯನೇ ದಿನವೂ ಅಪರಿಚಿತ. ಒಂದು ದಿನ ಅವನು ಬೆರಳ ನಡುವೆ ಗುಂಡುಸೂಜಿ ಅಡಗಿಸಿ ಅವಳ ಕೈ ಕುಲುಕಿದ. ಚುಚ್ಚಿದ್ದು ಅವಳಿಗೆ ಬೇಗನೆ ಮರೆತುಹೋಯಿತು. ಆದರೆ ಮುಂದೆ ಅವನು ಕೈ ಚಾಚಿದಾಗ ಅವಳು ತನ್ನ ಕೈ ಹಿಂದಕ್ಕೆಳೆದುಕೊಂಡಳು, ಏಕೆಂದು ಸ್ಪಷ್ಟವಾಗಿ ಗೊತ್ತಿಲ್ಲದೆ. ನೂರು ವರ್ಷ ಕಳೆದ ಮೇಲೆ, 2014ರಲ್ಲಿ, ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಜೈಮರ್ ರೋಗವಿದ್ದ 17 ಜನರಿಗೂ ಆರೋಗ್ಯವಂತರಾದ 17 ಜನರಿಗೂ ದುಃಖದ ಮತ್ತು ಸಂತೋಷದ ಚಲನಚಿತ್ರಗಳ ತುಣುಕುಗಳನ್ನು ತೋರಿಸಿದರು. ಸ್ವಲ್ಪ ಹೊತ್ತಿನಲ್ಲೇ ರೋಗಿಗಳು ನೋಡಿದ್ದನ್ನು ಬಹುಮಟ್ಟಿಗೆ ಮರೆತಿದ್ದರು. ಎದೆಯಲ್ಲಿ ಎದ್ದ ಭಾವ ಮಾತ್ರ ಉಳಿದಿತ್ತು. ಕಡಿಮೆ ನೆನಪಿದ್ದವರಲ್ಲಿ ದುಃಖ ಹೆಚ್ಚು ಹೊತ್ತು ನಿಂತಿತ್ತು. ಘಟನೆಯನ್ನು ಬರೆದಿಡುವ ಹಿಪೊಕ್ಯಾಂಪಸ್ ಸೋತರೂ ಭಾವಕ್ಕೆ ಬೇರೆ ದಾರಿಗಳಿವೆ. ಕೈಯ ಅಭ್ಯಾಸಗಳೂ ಹಾಗೆಯೇ ಬಹುಕಾಲ ಉಳಿಯುತ್ತವೆ: ಮಗಳ ಹೆಸರು ಮರೆತ ತಾಯಿಯ ಬೆರಳುಗಳು ಮಲ್ಲಿಗೆ ಕಟ್ಟುವುದನ್ನು ಮರೆತಿರುವುದಿಲ್ಲ, ಚೆಂಡೆಯ ಸದ್ದು ಕೇಳಿದ ಅಜ್ಜನ ಕಾಲು ತಾಳ ತಪ್ಪುವುದಿಲ್ಲ.

ಮನೆಯೊಳಗಿನ ನಡವಳಿಕೆಗೆ ಇದು ಕೊಡುವ ಪಾಠ ದೊಡ್ಡದು. ‘ಈಗಷ್ಟೇ ಊಟ ಮಾಡಿದಿರಲ್ಲ, ಎಷ್ಟು ಸಲ ಹೇಳಬೇಕು?’ ಎಂದು ಗದರಿದ್ದು ಐದು ನಿಮಿಷದಲ್ಲಿ ಅವರಿಗೆ ಮರೆಯುತ್ತದೆ ಎಂದು ನಾವು ಭಾವಿಸುತ್ತೇವೆ. ಮಾತು ಮರೆಯುತ್ತದೆ, ಅವಮಾನ ಮರೆಯುವುದಿಲ್ಲ. ಕಾರಣ ತಿಳಿಯದ ಆ ಕಳವಳವೇ ಸಂಜೆಯ ಹೊತ್ತಿಗೆ ಅಲೆದಾಟವಾಗಿ, ಸಿಟ್ಟಾಗಿ, ಊಟ ಬೇಡವೆನ್ನುವ ಹಟವಾಗಿ ಹೊರಬರಬಹುದು. ಊರಿಗೆ ಹೋಗಬೇಕು ಎನ್ನುವವರಿಗೆ ‘ಊರಿನ ಮನೆ ಮಾರಿ ಇಪ್ಪತ್ತು ವರ್ಷವಾಯಿತು’ ಎಂಬ ಸತ್ಯವನ್ನು ಒಪ್ಪಿಸಲು ಹೊರಡುವುದು ನಿರರ್ಥಕ. ಅವರು ಕೇಳುತ್ತಿರುವುದು ರೈಲು ಟಿಕೇಟನ್ನಲ್ಲ, ತಾನು ಸುರಕ್ಷಿತ ಎಂಬ ಭಾವವನ್ನು. ಪಕ್ಕದಲ್ಲಿ ಕೂತು, ಊರಿನ ಮಾತು ತೆಗೆದು, ಅವರು ಮೊದಲು ಕಲಿತ ಭಾಷೆಯಲ್ಲಿ ಎರಡು ಮಾತಾಡಿದರೆ ಆ ಭಾವವನ್ನು ಕೊಡಬಹುದು. ನಂತರ ಕಲಿತ ಮರಾಠಿ, ಹಿಂದಿ, ಇಂಗ್ಲಿಷ್ ಮೊದಲು ಜಾರಿ ಎಳವೆಯ ಭಾಷೆ ಕೊನೆಗೆ ಉಳಿಯುವುದು ಅನೇಕರಲ್ಲಿ ಕಾಣುವ ಸಂಗತಿ. ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಬಲ್ಲ ಮೊಮ್ಮಗಳೊಬ್ಬಳು ಇದ್ದರೆ ಅವಳು ಔಷಧಿಗೆ ಸಮಾನ. ಆದರೆ ಈ ಪ್ರೀತಿ ರೋಗವನ್ನು ವಾಸಿ ಮಾಡುತ್ತದೆ ಎಂದು ಯಾರೂ ನಂಬಬಾರದು. ಉಳಿದ ದಿನಗಳು ನೆಮ್ಮದಿಯಾಗಿರುತ್ತವೆ, ಅಷ್ಟೇ. ಆ ಅಷ್ಟೇ ಎಂಬುದು ಸಣ್ಣದಲ್ಲ.

ಆರೈಕೆ ಮಾಡುವವರ ಒತ್ತಡವನ್ನು ಬಿಟ್ಟು ಈ ಚರ್ಚೆ ಪೂರ್ತಿಯಾಗದು. ಅಮೆರಿಕದ ಯೂಟಾ ರಾಜ್ಯದ ಕ್ಯಾಶ್ ಕೌಂಟಿಯಲ್ಲಿ 1,221 ದಂಪತಿಗಳನ್ನು ಹನ್ನೆರಡು ವರ್ಷಗಳವರೆಗೆ ಗಮನಿಸಿದಾಗ, ಸಂಗಾತಿಗೆ ಡಿಮೆನ್ಶಿಯಾ ಬಂದವರಲ್ಲಿ ಅದೇ ಕಾಯಿಲೆಯ ಅಪಾಯ ಉಳಿದವರಿಗಿಂತ ಆರು ಪಟ್ಟು ಇತ್ತು. ಒಂದೇ ಸೂರು, ಒಂದೇ ಊಟ ಇರುವ ಇಬ್ಬರಲ್ಲಿ ಇದೆಲ್ಲವೂ ಒತ್ತಡದಿಂದಲೇ ಎನ್ನಲಾಗದಿದ್ದರೂ, ನಮ್ಮನ್ನು ಎಚ್ಚರಿಸಲು ಆ ಅಂಕಿ ಸಾಕು. ಮುಂಬಯಿಯ ಒಂದು ಕೋಣೆ ಅಡುಗೆಮನೆಯ ಬಾಡಿಗೆ ಮನೆಯಲ್ಲಿ ರಾತ್ರಿ ಎರಡು ಗಂಟೆಗೆ ಎದ್ದು ಬಾಗಿಲು ಬಡಿಯುವ ಮಾವನನ್ನು ನೋಡಿಕೊಂಡು, ಬೆಳಿಗ್ಗೆ ಎಂಟರ ಲೋಕಲ್ ಹಿಡಿಯುವ ಸೊಸೆಯ ಮೆದುಳೂ ಮೆದುಳೇ. ಅವಳಿಗೆ ವಾರಕ್ಕೊಂದು ಅರ್ಧ ದಿನ ಬಿಡುವು ಕೊಡಿಸುವುದು ಉಪಕಾರವಲ್ಲ, ಮುಂದಿನ ರೋಗಿಯೊಬ್ಬಳನ್ನು ತಪ್ಪಿಸುವ ಕೆಲಸ. ‘ಒತ್ತಡವಿಲ್ಲದೆ ಮುಂಬಯಿಯಲ್ಲಿ ಬದುಕುವುದುಂಟೇ’ ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಒತ್ತಡವನ್ನು ಇಲ್ಲವಾಗಿಸುವುದು ನಮ್ಮ ಕೈಯಲ್ಲಿಲ್ಲ. ಅದು ಮೂರು ದಶಕ ಒಂದೇ ಹೆಗಲ ಮೇಲೆ ಕೂರದಂತೆ ನೋಡಿಕೊಳ್ಳುವುದು ಕೈಯಲ್ಲಿದೆ.

ಅದಕ್ಕೆ ಬೇಕಾದ ನೆರವು ಈ ನಗರದಲ್ಲಿ ಸ್ವಲ್ಪವಾದರೂ ಇದೆ. ಕೆಇಎಂ, ನಾಯರ್, ಸಾಯನ್, ಜೆಜೆಯಂಥ ಸಾರ್ವಜನಿಕ ಆಸ್ಪತ್ರೆಗಳಲ್ಲಿ ನರರೋಗ ಮತ್ತು ಮನೋರೋಗ ವಿಭಾಗಗಳಿವೆ. ಮರೆವು ಕಂಡ ಕೂಡಲೇ ಅಲ್ಲಿಗೆ ಹೋಗಲು ಒಂದು ಬಲವಾದ ಕಾರಣವಿದೆ: ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ ಇವೂ ಡಿಮೆನ್ಶಿಯಾದ ವೇಷ ತೊಡುತ್ತವೆ, ಮತ್ತು ಇವಕ್ಕೆ ಚಿಕಿತ್ಸೆ ಇದೆ. ಇಲ್ಲಿ ಹಿರಿಯರಿಗಾಗಿ 1995ರಿಂದ ದುಡಿಯುತ್ತಿರುವ ಡಿಗ್ನಿಟಿ ಫೌಂಡೇಶನ್, ನಾಲಾಸೋಪಾರಾದಲ್ಲಿ ಡಿಮೆನ್ಶಿಯಾ ಇದ್ದವರಿಗೆ ಆಶ್ರಯಧಾಮ ನಡೆಸುವ ಸಿಲ್ವರ್ ಇನ್ನಿಂಗ್ಸ್, 1992ರಲ್ಲಿ ಕೇರಳದಲ್ಲಿ ಹುಟ್ಟಿದ ಅಲ್ಜೈಮರ್ ಸಂಸ್ಥೆಯ ಮುಂಬಯಿ ಶಾಖೆ ಇವೆ. ಮನಸ್ಸಿನ ತೊಂದರೆಗೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಹಿರಿಯರಿಗೆ ಎಲ್ಡರ್‌ಲೈನ್ 14567. ಇಷ್ಟಕ್ಕೆ ನಿಲ್ಲದೆ ನಮ್ಮ ಸಂಘಗಳ ಕಡೆ ತಿರುಗಬೇಕು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದು, ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರದು, ಬಂಟರ ಸಂಘ 1927ರದು. ಊರು ಬಿಟ್ಟು ಬಂದ ಹುಡುಗರಿಗೆ ಓದು, ನೆಲೆ, ಜೊತೆ ಕೊಟ್ಟ ಪರಂಪರೆ ಇಂಥ ಸಂಘಗಳದು. ಆ ಹುಡುಗರು ಇಂದು ಮುದುಕರಾಗಿದ್ದಾರೆ. ವಾರ್ಷಿಕೋತ್ಸವ, ಸನ್ಮಾನ, ತಾಳಮದ್ದಲೆಗಳ ನಡುವೆ ವಾರಕ್ಕೊಂದು ಮಧ್ಯಾಹ್ನ ಸಭಾಂಗಣದ ಬಾಗಿಲನ್ನು ಮರೆವಿನ ಹಿರಿಯರಿಗಾಗಿ, ಅವರನ್ನು ನೋಡಿಕೊಂಡು ದಣಿದವರಿಗಾಗಿ ತೆರೆದಿಡಿ. ಅವರ ಭಾಷೆಯಲ್ಲಿ ಮಾತು, ಅವರ ಕಾಲದ ಹಾಡು, ಒಂದು ಲೋಟ ಕಾಫಿ, ಇಷ್ಟೇ ಸಾಕು. ಬಂದದ್ದು, ಹಾಡಿದ್ದು, ನಿಮ್ಮ ಹೆಸರು ಯಾವುದೂ ಸಂಜೆಗೆ ಅವರಿಗೆ ನೆನಪಿರಲಿಕ್ಕಿಲ್ಲ. ಆದರೆ ಅಂದು ಸಿಕ್ಕ ನೆಮ್ಮದಿ ಅವರೊಡನೆ ಮನೆಗೆ ಹೋಗುತ್ತದೆ.